ಅಪ್‌ಡೇಟ್: ಬೆಕ್ಕುಗಳ ಜೊತೆ ಮರುಭೂಮಿ ದಾಟಿ ಮನೆ ಸೇರಿದೆವು

ಜುಲೈ ಬಿಸಿಲಲ್ಲಿ ಎರಡು ಬೆಕ್ಕು ಕಟ್ಟಿಕೊಂಡು ಲಾಸ್ ಏಂಜಲೀಸ್‌ನ ಅಕ್ಕನ ಮನೆಯಿಂದ ಡಲ್ಲಾಸ್‌ನ ನಮ್ಮ ಮನೆಗೆ ಆರ್‌ವಿಯಲ್ಲಿ (ಒಳಗೇ ಮಲಗಲು, ಅಡುಗೆಗೆ ಜಾಗವಿರುವ ದೊಡ್ಡ ಗಾಡಿ) ಬರಬಹುದಾ ಎಂದು ಕೇಳಿದ್ದೆನಲ್ಲ? ಬಂದು ಮುಟ್ಟಿದೆವು. ಬೆಳ್ಳಿ, ಚುಕ್ಕಿ ಇಬ್ಬರೂ ಆರಾಮ.

ನನಗೆ ಜಾಸ್ತಿ ಹೆದರಿಕೆ ಇದ್ದದ್ದು ಮೊಹಾವಿ ಮರುಭೂಮಿಯದು. ಆ ದಾರಿಯ ನೀಡಲ್ಸ್ ಊರಲ್ಲಿ ಬೇಸಿಗೆಗೆ 45 ಡಿಗ್ರಿ ಮಾಮೂಲು. ನೀವು ಹೇಳಿದಂತೆ ಬಾರ್‌ಸ್ಟೋದಿಂದ ನಸುಕಿನಲ್ಲೇ ಹೊರಟೆವು. ಡ್ರೈವರ್ ಮುಂದಿನ ಎಸಿ ಹಿಂದಕ್ಕೆ ಸರಿಯಾಗಿ ತಲುಪುವುದೇ ಇಲ್ಲ. ಹಾಗಾಗಿ ಜನರೇಟರ್ ಹಾಕಿ ಮೇಲಿನ ಎಸಿ ಓಡಿಸಿದೆವು. ಪೆಟ್ರೋಲ್ ಕುಡಿಯಿತು, ಕುಡಿಯಲಿ ಬಿಡಿ. ಫ್ಲಾಗ್‌ಸ್ಟಾಫ್ ಸುಮಾರು 7,000 ಅಡಿ ಎತ್ತರದಲ್ಲಿದೆ. ಅಲ್ಲಿ ರಾತ್ರಿ ಕಿಟಕಿ ತೆಗೆದೇ ಮಲಗಿದೆವು.

ಲಿಟರ್ ಬಾಕ್ಸನ್ನು (ಬೆಕ್ಕುಗಳ ಕಕ್ಕಸು ಡಬ್ಬಿ) ಗಾಡಿಯ ಶವರ್‌ನೊಳಗೆ ಇಡಿ ಎಂದವರಿಗೆ ದೊಡ್ಡ ನಮಸ್ಕಾರ. ಚುಕ್ಕಿ ಬಟ್ಟಲಿನ ನೀರು ಮುಟ್ಟಲೇ ಇಲ್ಲ. ಟಿನ್ ಫುಡ್‌ಗೆ ನೀರು ಕಲಸಿ ಗಂಜಿಯಂತೆ ಮಾಡಿಕೊಟ್ಟರೆ ತಟ್ಟೆ ನೆಕ್ಕಿ ಮೀಸೆಗೆಲ್ಲ ಮೆತ್ತಿಕೊಂಡಳು. ಬೆಳ್ಳಿ ಮಾತ್ರ ಆಲ್ಬುಕರ್ಕಿವರೆಗೂ ಸೀಟಿನ ಕೆಳಗೆ. ಬಾಗಿಲು ತೆಗೆಯುವ ಮುಂಚೆ ಓಡಿಹೋಗದಂತೆ ಇಬ್ಬರಿಗೂ ಮೈಗೆ ಬೆಲ್ಟ್ ಹಾಕಬೇಕು, ಅದೊಂದು ಕುಸ್ತಿ.

ಕ್ಯಾಲಿಫೋರ್ನಿಯಾಗಿಂತ ಡಲ್ಲಾಸ್ ಗಡಿಯಾರ ಎರಡು ಗಂಟೆ ಮುಂದು. ಅಲ್ಲಿ ಐದಕ್ಕೆ ಎಬ್ಬಿಸುತ್ತಿದ್ದವರು ಇಲ್ಲಿ ಏಳಕ್ಕೆ ಎಬ್ಬಿಸುತ್ತಿದ್ದಾರೆ. ಸುಮ್ನೆ ಸಿಕ್ಕ ಲಾಭ, ಅಲ್ವಾ?