ವಾರಕ್ಕೆ ಐದಾರು ಪ್ರಪೋಸಲ್: ಟೀಮ್‌ಗೆ ತರಬೇತಿ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಾಫ್ಟ್‌ವೇರ್ ಸೇವೆ ಕೊಡುವ ಕಂಪನಿಯಲ್ಲಿ ಪ್ರಪೋಸಲ್ ಟೀಮ್ ನೋಡಿಕೊಳ್ಳುತ್ತೇನೆ. ಟೀಮ್‌ನಲ್ಲಿ ಹೆಚ್ಚಿನವರು ಹೊಸಬರು. ವಾರಕ್ಕೆ ಐದಾರು ಆರ್‌ಎಫ್‌ಪಿ (ತಮಗೆ ಬೇಕಾದ ಕೆಲಸ ವಿವರಿಸಿ ಗ್ರಾಹಕರು ಪ್ರಪೋಸಲ್ ಕೇಳುವ ದಾಖಲೆ) ಬರುತ್ತವೆ, ಸೇಲ್ಸ್‌ನವರು ಒಂದನ್ನೂ ಬಿಡಲು ಒಪ್ಪುವುದಿಲ್ಲ. ಹುಡುಗರು ಬುದ್ಧಿವಂತರೇ. ಆದರೆ ಹಳೇ ಪ್ರಪೋಸಲ್ ತೆರೆಯುವುದು, ಗ್ರಾಹಕರ ಹೆಸರು ಬದಲಿಸುವುದು, ಅಲ್ಲಲ್ಲಿ ತಿದ್ದಿ ಕಳಿಸುವುದು ರೂಢಿಯಾಗಿಬಿಟ್ಟಿದೆ. ಕೊನೇ ದಿನ ಎಲ್ಲವೂ ನನ್ನ ತಲೆ ಮೇಲೆ ಬರುತ್ತದೆ. ಬಿಸಿನೆಸ್ ರೈಟಿಂಗ್ ಕೋರ್ಸ್ ಕೊಡಿಸೋಣ ಅಂತ ಯೋಚನೆ ಇದೆ. ಇಂಥ ಟೀಮ್ ಕಟ್ಟಿದವರು ದಯವಿಟ್ಟು ದಾರಿ ಹೇಳಿ.

ಉತ್ತರ 1

ಮೊದಲು ಒಂದು ಗಟ್ಟಿ ಟೆಂಪ್ಲೇಟ್ ಮಾಡಿ. ವರ್ಡ್‌ನಲ್ಲಿ ಹೆಡಿಂಗ್, ಟೇಬಲ್, ಚಿತ್ರದ ಶೀರ್ಷಿಕೆ ಎಲ್ಲಕ್ಕೂ ಸ್ಟೈಲ್ ನಿಗದಿ ಮಾಡಿ ಲಾಕ್ ಮಾಡಿ. ನಮ್ಮಲ್ಲಿ ಕೊನೇ ಗಳಿಗೆಯ ಒದ್ದಾಟ ಬಹುಪಾಲು ಫಾರ್ಮ್ಯಾಟಿಂಗ್‌ನದ್ದೇ ಆಗಿತ್ತು. ಕೋರ್ಸ್ ಕೊಡಿಸುವುದೇ ಆದರೆ ಎಪಿಎಂಪಿಯ ಫೌಂಡೇಶನ್ ಹಂತ ನೋಡಿ. ಅದು 1989ರಿಂದ ಇರುವ, ಪ್ರಪೋಸಲ್ ಕೆಲಸ ಮಾಡುವವರದೇ ಸಂಘ. ಸಾಮಾನ್ಯ ರೈಟಿಂಗ್ ಕೋರ್ಸ್‌ಗಿಂತ ಇದು ನಿಮ್ಮ ಕೆಲಸಕ್ಕೆ ಹತ್ತಿರ.

ಉತ್ತರ 2

ಟೆಂಪ್ಲೇಟ್ ಬೇಕು, ಒಪ್ಪಿದೆ. ಆದರೆ ಬರೆಯುವುದನ್ನು ಕಲಿಸುವ ಮೊದಲು ಓದುವುದನ್ನು ಕಲಿಸಿ. ನಾನು ತುಂಬಾ ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಹೊಸಬರು ಬಂದರೆ ಮೊದಲ ವಾರ ಒಂದು ಸಾಲೂ ಬರೆಸುವುದಿಲ್ಲ. ಒಂದು ಹಳೇ ಆರ್‌ಎಫ್‌ಪಿ, ಒಂದು ಖಾಲಿ ಎಕ್ಸೆಲ್ ಶೀಟ್ ಕೊಡುತ್ತೇನೆ. ಗ್ರಾಹಕರು ಕೇಳಿದ್ದನ್ನೆಲ್ಲ ಒಂದೊಂದಾಗಿ ಅದರಲ್ಲಿ ಇಳಿಸಬೇಕು. ಪಕ್ಕದಲ್ಲಿ ಯಾವ ಅಧ್ಯಾಯದಲ್ಲಿ ಉತ್ತರ, ಯಾರು ಬರೆಯಬೇಕು, ಗ್ರಾಹಕರು ಅದಕ್ಕೆ ಇಟ್ಟಿರುವ ಅಂಕ ಎಷ್ಟು. ಕಂಪ್ಲಯನ್ಸ್ ಮ್ಯಾಟ್ರಿಕ್ಸ್ ಅಂದರೆ ಇಷ್ಟೇ.

ಸುಲಭ ಅನ್ನಿಸುತ್ತದೆ ಅಲ್ವಾ? ಈ ವಾಕ್ಯ ನೋಡಿ: ‘ಬಿಡ್ಡರ್ ಡೇಟಾ ವರ್ಗಾವಣೆಯ ಯೋಜನೆ, ಅದರ ಹೊಣೆ ಹೊರುವವರ ಬಯೋಡೇಟಾ ಹಾಗೂ ಕಳೆದ 3 ವರ್ಷಗಳಲ್ಲಿ ಮಾಡಿದ ಇದೇ ಗಾತ್ರದ ಕೆಲಸದ ಪುರಾವೆಯನ್ನು 5 ಪುಟ ಮೀರದಂತೆ ಸಲ್ಲಿಸಬೇಕು.’ ಹೊಸಬರು ಇದನ್ನು ಒಂದೇ ಸಾಲಿಗೆ ಹಾಕುತ್ತಾರೆ. ಇಲ್ಲಿ ಕೇಳಿರುವುದು ಮೂರು, ಷರತ್ತು ಇನ್ನೂ ಮೂರು: 3 ವರ್ಷದೊಳಗಿನದು, ಇದೇ ಗಾತ್ರದ್ದು, 5 ಪುಟದೊಳಗೆ. ನಾಲ್ಕು ವರ್ಷ ಹಿಂದಿನ ಪ್ರಾಜೆಕ್ಟ್ ಎಷ್ಟೇ ದೊಡ್ಡದಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ. ಆರನೇ ಪುಟವನ್ನು ಎಷ್ಟೋ ಕಡೆ ಓದುವುದೂ ಇಲ್ಲ. ಒಂದೇ ಆರ್‌ಎಫ್‌ಪಿಯನ್ನು ಇಬ್ಬರಿಗೆ ಬೇರೆ ಬೇರೆ ಕೊಟ್ಟು, ಆಮೇಲೆ ಶೀಟ್‌ಗಳನ್ನು ಪಕ್ಕಪಕ್ಕ ಇಡಿ. ಯಾರು ಏನು ಬಿಟ್ಟರು ಅಂತ ಅವರೇ ಕಂಡುಕೊಳ್ಳುತ್ತಾರೆ. ನಾನು ಬಾಯಿ ತೆರೆಯುವ ಅಗತ್ಯವೇ ಬರುವುದಿಲ್ಲ.

ಅಂಕದ ಕಾಲಂ ಮಾತ್ರ ಬಿಡಬೇಡಿ. ಕೆಲಸದ ವಿಧಾನಕ್ಕೆ 40 ಅಂಕ, ಕಂಪನಿ ಪರಿಚಯಕ್ಕೆ 5 ಅಂಕ ಇದ್ದರೂ ನಮ್ಮವರು ಪರಿಚಯವನ್ನೇ ಉದ್ದ ಬರೆಯುತ್ತಾರೆ. ಯಾಕೆಂದರೆ ಅದು ರೆಡಿ ಇರುತ್ತದೆ.

ಎರಡನೇ ಅಭ್ಯಾಸ ವಾಕ್ಯದ್ದು. ‘ನಮ್ಮ ಅನುಭವಿ ತಂಡ 24 ಗಂಟೆಯೂ ಅತ್ಯುತ್ತಮ ಬೆಂಬಲ ನೀಡುತ್ತದೆ’ ಅಂತ ಬರೆದು ತಂದರೆ ಕೇಳುತ್ತೇನೆ: ಎಷ್ಟು ಜನ? ಎಷ್ಟು ಹೊತ್ತಿನಲ್ಲಿ? ಈ ಗ್ರಾಹಕರಿಗೆ ಯಾವಾಗ ಜಾಸ್ತಿ ಬೇಕು? ಉತ್ತರ ತಿಳಿದುಕೊಂಡು ಬಂದ ಮೇಲೆ ಅದೇ ವಾಕ್ಯ ಹೀಗಾಗುತ್ತದೆ: ‘ತಿಂಗಳ ಕೊನೆಯ 3 ದಿನ ನಿಮ್ಮ ಸಂಬಳದ ಲೆಕ್ಕ ನಡೆಯುವಾಗ ಇಬ್ಬರು ಇಂಜಿನಿಯರ್‌ಗಳು ರಾತ್ರಿ ಪಾಳಿಯಲ್ಲೂ ಇರುತ್ತಾರೆ. ಸಿಸ್ಟಂ ನಿಂತರೆ 15 ನಿಮಿಷದೊಳಗೆ ಕೆಲಸ ಶುರು ಮಾಡುತ್ತಾರೆ.’ ಇದಕ್ಕೆ ಭಾಷೆಯ ಚಾತುರ್ಯ ಏನೂ ಬೇಕಿಲ್ಲ. ವಿಷಯ ಗೊತ್ತಿರಬೇಕು ಅಷ್ಟೇ.

ಹಳೇ ಪ್ರಪೋಸಲ್ ನಕಲು ಮಾಡುವುದನ್ನು ಬರೀ ‘ಮಾಡಬೇಡಿ’ ಅಂತ ಹೇಳಿ ನಿಲ್ಲಿಸಲಾಗುವುದಿಲ್ಲ. ಇಷ್ಟು ಕೆಲಸ ಇರುವಾಗ ಅವರು ತಾನೇ ಏನು ಮಾಡಿಯಾರು? ಬದಲಿಗೆ ಒಂದು ಕಂಟೆಂಟ್ ಲೈಬ್ರರಿ ಕಟ್ಟಿ. ಗ್ರಾಹಕರ ಹೆಸರು, ಊರು, ಅಂಕಿಅಂಶ ಎಲ್ಲ ತೆಗೆದ ಶುದ್ಧ ಪ್ಯಾರಾಗಳು ಮಾತ್ರ ಅಲ್ಲಿರಲಿ. ಪ್ರತಿ ಪ್ಯಾರಾಕ್ಕೂ ಒಬ್ಬ ಜವಾಬ್ದಾರರು, ಕೊನೇ ಸಲ ಪರಿಶೀಲಿಸಿದ ದಿನಾಂಕ ಇರಲೇಬೇಕು. ಮಾಹಿತಿ ಸುರಕ್ಷತೆಯ ಮಾನದಂಡ ಐಎಸ್‌ಒ 27001ರ 2013ರ ಆವೃತ್ತಿಯನ್ನೇ ತೆಗೆದುಕೊಳ್ಳಿ. ಅದರ ಸರ್ಟಿಫಿಕೇಟ್‌ಗಳಿಗೆ 2025ರ ಅಕ್ಟೋಬರ್ 31ರ ನಂತರ ಮಾನ್ಯತೆ ಇಲ್ಲ, ಎಲ್ಲರೂ 2022ರ ಆವೃತ್ತಿಗೆ ಹೋಗಬೇಕಿತ್ತು. ಹಳೇ ಪ್ಯಾರಾ ಲೈಬ್ರರಿಯಲ್ಲೇ ಕೂತಿದ್ದರೆ ಅದು ಹೊಸ ಪ್ರಪೋಸಲ್‌ಗೆ ಹೋಗಿಯೇ ಹೋಗುತ್ತದೆ.

ಇನ್ನು, ನೀವೊಬ್ಬರೇ ಕೊನೇ ದಿನ ತಿದ್ದುವುದನ್ನು ದಯವಿಟ್ಟು ನಿಲ್ಲಿಸಿ. ಕರಡಿನ ರೂಪುರೇಖೆ ಇರುವಾಗಲೇ ಒಂದು ಸಲ ಕೂರಿ, ಅದನ್ನು ಪಿಂಕ್ ಟೀಮ್ ಅನ್ನುತ್ತಾರೆ. ಕರಡು ಬಹುತೇಕ ಮುಗಿದಾಗ, ಬರೆಯದೇ ಇದ್ದವರೊಬ್ಬರು ಗ್ರಾಹಕರ ಜಾಗದಲ್ಲಿ ಕೂತು ಅಂಕ ಹಾಕಲಿ. ಅದು ರೆಡ್ ಟೀಮ್. ಹೊಸಬರನ್ನು ಈ ಅಂಕ ಹಾಕುವ ಕೆಲಸಕ್ಕೆ ಹಚ್ಚಿ ನೋಡಿ. ಬೇರೆಯವರ ಪ್ರಪೋಸಲ್‌ಗೆ ಅಂಕ ಹಾಕಿದವರು ಮುಂದಿನ ವಾರ ತಾವೇ ಬೇರೆ ರೀತಿ ಬರೆಯುತ್ತಾರೆ. ನನ್ನ ಹುಡುಗರಲ್ಲಿ ಇದನ್ನು ಮತ್ತೆ ಮತ್ತೆ ಕಂಡು ಖುಷಿಪಟ್ಟಿದ್ದೇನೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು ಸರ್. ಎರಡು ಸಂದೇಹ. ಇಂಜಿನಿಯರ್‌ಗಳು ಹೊತ್ತಿಗೆ ಸರಿಯಾಗಿ ಬರೆದುಕೊಡುವುದಿಲ್ಲ, ಏನು ಮಾಡಲಿ? ಮೊದಲ ಕರಡನ್ನು ಎಐ ಕೈಲಿ ಬರೆಸಬಹುದಾ?

ಉತ್ತರ 3

ಅದಕ್ಕೂ ಮೊದಲು ಬಿಡ್ / ನೋ-ಬಿಡ್ ಮೀಟಿಂಗ್ ಶುರು ಮಾಡಿ ಮೇಡಂ, ಅಂದರೆ ಯಾವ ಆರ್‌ಎಫ್‌ಪಿಗೆ ಪ್ರಪೋಸಲ್ ಹಾಕಬೇಕು, ಯಾವುದಕ್ಕೆ ಬೇಡ ಅಂತ ತೀರ್ಮಾನಿಸುವ ಮೀಟಿಂಗ್. ಗ್ರಾಹಕರು ನಮಗೆ ಪರಿಚಯವೇ? ಕಡ್ಡಾಯ ಅರ್ಹತೆ ನಮಗಿದೆಯೇ? ಬೆಲೆಯಲ್ಲಿ ನಿಲ್ಲುತ್ತೇವೆಯೇ? ಮೂರಕ್ಕೂ ಇಲ್ಲ ಅಂದರೆ ಬರೆಯಬೇಡಿ. ಸೇಲ್ಸ್ ಮುಖ್ಯಸ್ಥರು ಆ ಮೀಟಿಂಗ್‌ನಲ್ಲಿ ಇರಲೇಬೇಕು. ‘ಬೇಡ’ ಅನ್ನುವ ಮಾತು ಅವರ ಬಾಯಿಂದಲೇ ಬಂದರೆ ಆಮೇಲೆ ತಕರಾರು ಇರುವುದಿಲ್ಲ.

ಉತ್ತರ 2 ಬರೆದವರು

ಮೇಲಿನ ಮಾತು ನೂರಕ್ಕೆ ನೂರು ಸರಿ. ವಾರಕ್ಕೆ ಎರಡು ಕೈಬಿಟ್ಟರೂ ಉಳಿದವಕ್ಕೆ ಉಸಿರಾಡಲು ಸಮಯ ಸಿಗುತ್ತದೆ.

ಇಂಜಿನಿಯರ್‌ಗಳ ಹತ್ತಿರ ಬರೆಸಲೇ ಹೋಗಬೇಡಿ. ಅರ್ಧ ಗಂಟೆ ಫೋನ್‌ನಲ್ಲಿ ಮಾತಾಡಿ, ಪ್ರಶ್ನೆಗಳನ್ನು ಮೊದಲೇ ಕಳಿಸಿರಿ. ಕೇಳಿದ್ದನ್ನು ನಿಮ್ಮ ಹುಡುಗರೇ ಬರೆದು ‘ತಪ್ಪಿದ್ದರೆ ತಿದ್ದಿ’ ಅಂತ ಕಳಿಸಲಿ. ಬರೆದುಕೊಡಿ ಅಂದಾಗ ವಾರಗಟ್ಟಲೆ ಸುಮ್ನೆ ಇದ್ದವರು, ಕಣ್ಣೆದುರು ತಪ್ಪು ಕಂಡರೆ ಅದೇ ಸಂಜೆ ತಿದ್ದಿ ಕಳಿಸುತ್ತಾರೆ. ಹೀಗೆ ಮಾತಾಡಿಸುವುದೂ ಒಂದು ಕಲೆ. ಮೊದಮೊದಲು ನೀವು ಜೊತೆಗೆ ಕೂರಿ.

ಎಐ ಬಳಸಿ, ಆದರೆ ನಿಮ್ಮ ಲೈಬ್ರರಿಯ ಪ್ಯಾರಾಗಳನ್ನು ಆಧಾರವಾಗಿ ಕೊಟ್ಟು ಬಳಸಿ. ಇಲ್ಲದಿದ್ದರೆ ನೀವು ಮಾಡದೇ ಇರುವ ಪ್ರಾಜೆಕ್ಟ್ ಕೂಡ ಅಲ್ಲಿ ಹುಟ್ಟಿಕೊಳ್ಳಬಹುದು. ಪ್ರಪೋಸಲ್‌ನಲ್ಲಿ ಬರೆದ ಮಾತು ಗೆದ್ದ ಮೇಲೆ ಕರಾರಿನ ಭಾಗವಾಗಬಹುದು, ನೆನಪಿರಲಿ. ಗ್ರಾಹಕರ ಗೋಪ್ಯ ದಾಖಲೆಯನ್ನು ಸಾರ್ವಜನಿಕ ಟೂಲ್‌ಗೆ ಹಾಕುವ ಮೊದಲು ನಿಮ್ಮ ಲೀಗಲ್‌ನವರನ್ನು ಕೇಳಿ.

ಇನ್ನೊಂದು, ಸೋತ ಬಿಡ್‌ಗೆ ಡಿಬ್ರೀಫ್ (ಯಾಕೆ ಸೋತೆವು ಅನ್ನುವ ವಿವರಣೆ) ಕೇಳುವ ಕೆಲಸವನ್ನು ಆ ಪ್ರಪೋಸಲ್ ಬರೆದವರಿಗೇ ವಹಿಸಿ. ಫಲಿತಾಂಶ ಬಂದ ದಿನವೇ ಮೇಲ್ ಹೋಗಲಿ. ಕೆಲವು ಕಡೆ ಅದನ್ನು ಕೇಳಲು ಗಡುವು ತೀರಾ ಕಡಿಮೆ, ಅಮೆರಿಕದ ಫೆಡರಲ್ ಟೆಂಡರ್‌ಗಳಲ್ಲಿ ಬರೀ 3 ದಿನ. ಎಲ್ಲಿ ಅಂಕ ಹೋಯಿತು ಅಂತ ಗ್ರಾಹಕರು ಹೇಳಿದ್ದನ್ನು ಅದೇ ಮ್ಯಾಟ್ರಿಕ್ಸ್ ಶೀಟ್‌ನಲ್ಲಿ, ಆಯಾ ಸಾಲಿನ ಪಕ್ಕದಲ್ಲೇ ಬರೆದಿಡಲಿ.