ಟೈಟಾನಿಕ್ ಹಡಗಿನ ವಸ್ತುಗಳ ಸಂಗ್ರಹ: ಕೊಳ್ಳಬಹುದೇ, ಕೊಳ್ಳಬೇಕೇ?

ನಾಣ್ಯಪ್ರಿಯ (ಬೆಂಗಳೂರು) ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹಳೆಯ ನಾಣ್ಯ ಮತ್ತು ಅಂಚೆಚೀಟಿಗಳನ್ನು ಸಂಗ್ರಹಿಸುವುದು ನನ್ನ ಬಹುಕಾಲದ ಹವ್ಯಾಸ. ಈಚೆಗೆ ಟೈಟಾನಿಕ್ ಹಡಗಿಗೆ ಸಂಬಂಧಿಸಿದ ವಸ್ತುಗಳ ಮೇಲೆ ಆಸಕ್ತಿ ಹುಟ್ಟಿದೆ. 1912ರ ಏಪ್ರಿಲ್ 15ರ ನಸುಕಿನಲ್ಲಿ ಸುಮಾರು 1,500 ಜನರನ್ನು ಬಲಿ ತೆಗೆದುಕೊಂಡ ಈ ಹಡಗಿನ ವಸ್ತುಗಳಿಗೆ ನೂರು ವರ್ಷ ಕಳೆದರೂ ಬೇಡಿಕೆ ಇಳಿದಿಲ್ಲ. ಹಡಗಿನ ವಾದ್ಯವೃಂದದ ನಾಯಕ ವ್ಯಾಲೇಸ್ ಹಾರ್ಟ್ಲಿಯ ಪಿಟೀಲು 2013ರಲ್ಲಿ 9 ಲಕ್ಷ ಪೌಂಡ್‌ಗೆ ಹರಾಜಾಯಿತು. ಬದುಕುಳಿದವರನ್ನು ರಕ್ಷಿಸಿದ ಕಾರ್ಪೇಥಿಯಾ ಹಡಗಿನ ಕ್ಯಾಪ್ಟನ್ ಆರ್ಥರ್ ರೋಸ್ಟ್ರನ್‌ಗೆ ಉಡುಗೊರೆಯಾಗಿ ಬಂದ ಚಿನ್ನದ ಗಡಿಯಾರಕ್ಕೆ 2024ರಲ್ಲಿ 15.6 ಲಕ್ಷ ಪೌಂಡ್ ಬಂತು.

ಅಂಥವು ನನ್ನ ಕೈಗೆಟುಕುವಂಥವಲ್ಲ. ಆದರೆ ಟೈಟಾನಿಕ್‌ನ ಕಲ್ಲಿದ್ದಲು ಎಂದು ಹೇಳಿಕೊಂಡು, ಚಿಕ್ಕ ಪೆಟ್ಟಿಗೆಯಲ್ಲಿ ಪ್ರಮಾಣಪತ್ರದೊಂದಿಗೆ ಒಂದು ಚೂರನ್ನು ಅಂತರ್ಜಾಲದಲ್ಲಿ ಮಾರಾಟಕ್ಕೆ ಇಟ್ಟಿದ್ದಾರೆ. ಸಮುದ್ರದ ತಳದಿಂದ ಎತ್ತಿದ ವಸ್ತುವನ್ನು ಹೀಗೆ ಮಾರಲು ಕಾನೂನಿನ ಅನುಮತಿ ಇದೆಯೇ? ಇನ್ನೊಂದು ವಿಷಯವನ್ನೂ ಮುಚ್ಚುಮರೆಯಿಲ್ಲದೆ ಕೇಳುತ್ತೇನೆ. ಸಾವು ಸಂಭವಿಸಿದ ಜಾಗದ ವಸ್ತುವನ್ನು ಮನೆಯೊಳಗೆ ತರಬೇಡ ಎಂದು ನಮ್ಮ ತಾಯಿ ಖಂಡಿತವಾಗಿ ಹೇಳಿದ್ದಾರೆ. ಅವರ ಮಾತನ್ನು ಬರಿಯ ಮಡಿ-ಮೈಲಿಗೆಯ ಮಾತೆಂದು ತಳ್ಳಿಹಾಕಲು ನನಗೆ ಮನಸ್ಸು ಬರುತ್ತಿಲ್ಲ. ತಿಳಿದವರು ದಯವಿಟ್ಟು ತಿಳಿಸಬೇಕು.

ಕರಾವಳಿ ವಕೀಲ (ಮಂಗಳೂರು) ಅವರ ಉತ್ತರ:

ನಾಣ್ಯಪ್ರಿಯ ಅವರೇ, ತಾವು ಹೆಸರಿಸಿದ ಪಿಟೀಲಾಗಲಿ ಗಡಿಯಾರವಾಗಲಿ ಸಮುದ್ರದ ತಳದಿಂದ ಬಂದವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಪಿಟೀಲು ಹಾರ್ಟ್ಲಿಯ ಶವದೊಂದಿಗೆ ಸಿಕ್ಕಿ ಆತ ಮದುವೆಯಾಗಬೇಕಿದ್ದ ಮರಿಯಾ ರಾಬಿನ್ಸನ್‌ಗೆ ತಲುಪಿತು. ರೋಸ್ಟ್ರನ್‌ನ ಗಡಿಯಾರವಂತೂ ಟೈಟಾನಿಕ್ ಹಡಗನ್ನು ಹತ್ತಿಯೇ ಇರಲಿಲ್ಲ. ಬದುಕುಳಿದವರ ಜೇಬಿನಲ್ಲಿದ್ದದ್ದು, ಸತ್ತವರ ಮನೆಯವರಿಗೆ ಮರಳಿದ್ದು, ಹಡಗಿನಿಂದ ಅಂಚೆಯಲ್ಲಿ ಬಂದ ಪತ್ರ ಇವೆಲ್ಲ ಖಾಸಗಿ ಸ್ವತ್ತುಗಳು. ಇಂಗ್ಲೆಂಡಿನ ಡಿವೈಜಸ್ ಪಟ್ಟಣದ ಹರಾಜುಕಟ್ಟೆಯಲ್ಲಿ ಕೈಬದಲಾಗುವುದು ಬಹುಮಟ್ಟಿಗೆ ಇಂಥವೇ.

ಸಮುದ್ರದ ತಳದ ವಸ್ತುಗಳ ಕಥೆ ಬೇರೆ. 1985ರ ಸೆಪ್ಟೆಂಬರ್ 1ರಂದು ರಾಬರ್ಟ್ ಬ್ಯಾಲಾರ್ಡ್ ಮತ್ತು ಜಾನ್-ಲೂಯಿ ಮಿಶೆಲ್ ಅವರ ತಂಡ ಸುಮಾರು 3,800 ಮೀಟರ್ ಆಳದಲ್ಲಿ ಹಡಗನ್ನು ಪತ್ತೆಹಚ್ಚಿತು. 1987ರಿಂದಲೇ ವಸ್ತುಗಳನ್ನು ಮೇಲೆತ್ತುವ ಕೆಲಸ ಆರಂಭವಾಯಿತು. 1994ರಲ್ಲಿ ಅಮೆರಿಕದ ವರ್ಜೀನಿಯಾದ ಫೆಡರಲ್ ನ್ಯಾಯಾಲಯವು ಆರ್‌ಎಂಎಸ್ ಟೈಟಾನಿಕ್ ಎಂಬ ಕಂಪನಿಗೆ ಆ ಹಕ್ಕನ್ನು ನೀಡಿತು. ಒಟ್ಟು ಸುಮಾರು 5,500 ವಸ್ತುಗಳು ಹೀಗೆ ಮೇಲೆ ಬಂದಿವೆ. ಕಂಪನಿಯು ಅವುಗಳನ್ನು ಪ್ರದರ್ಶನಕ್ಕಿಟ್ಟು ಟಿಕೆಟ್ ಹಣ ಪಡೆಯಬಹುದು, ಆದರೆ ಒಂದೊಂದಾಗಿ ಬಿಡಿಸಿ ಮಾರುವಂತಿಲ್ಲ ಎಂಬ ನಿಲುವಿಗೆ ನ್ಯಾಯಾಲಯ ಅಂಟಿಕೊಂಡಿತು. 2011ರಲ್ಲಿ ಮಾಲೀಕತ್ವ ಕೊಟ್ಟಾಗಲೂ ಸಂಗ್ರಹ ಒಡೆಯಬಾರದು, ಸಾರ್ವಜನಿಕರ ಕಣ್ಣಿಗೆ ಬೀಳುವಂತಿರಬೇಕು ಎಂಬ ಷರತ್ತುಗಳನ್ನು ಕಟ್ಟಿಯೇ ಕೊಟ್ಟಿತು. 2016ರಲ್ಲಿ ಮಾತೃಸಂಸ್ಥೆ ದಿವಾಳಿಯಾಗಿ, ಸಾಲ ತೀರಿಸಲು ಕೆಲವನ್ನಾದರೂ ಮಾರುವ ಒತ್ತಡ ಬಂದಾಗ ಈ ಷರತ್ತುಗಳ ಬೆಲೆ ತಿಳಿಯಿತು. ಕೊನೆಗೆ 2018ರಲ್ಲಿ ಇಡೀ ಸಂಗ್ರಹ ಒಟ್ಟಾಗಿಯೇ 1.95 ಕೋಟಿ ಡಾಲರ್‌ಗೆ ಹೊಸ ಒಡೆಯರ ಕೈಸೇರಿತು.

ಇದಕ್ಕೆ ಇದ್ದ ಅಪವಾದವೇ ಕಲ್ಲಿದ್ದಲು. ತಳದಲ್ಲಿ ಚೆಲ್ಲಿದ್ದ ಇಂಧನವನ್ನು ಕಂಪನಿಯು ಚೂರುಗಳಾಗಿ ಸಾರ್ವಜನಿಕರಿಗೆ ಮಾರಿದ್ದುಂಟು. ಆದ್ದರಿಂದ ತಾವು ಕಂಡದ್ದು ನಿಜವೇ ಆಗಿದ್ದರೆ ಅದನ್ನು ಕೊಳ್ಳುವುದರಲ್ಲಿ ಅಪರಾಧವಿಲ್ಲ. ಆದರೆ ಕಲ್ಲಿದ್ದಲಿನ ಮೇಲೆ ಹಡಗಿನ ಹೆಸರು ಬರೆದಿರುವುದಿಲ್ಲ. ಯಾವ ಗಣಿಯ ಕರಿಚೂರನ್ನಾದರೂ ಪೆಟ್ಟಿಗೆಗೆ ಹಾಕಿ ಮಾರಬಹುದು, ಕಣ್ಣಿಗೆ ವ್ಯತ್ಯಾಸ ಗೊತ್ತಾಗದು. ತಾವು ಹಣ ಕೊಡುತ್ತಿರುವುದು ಇದ್ದಲಿಗಲ್ಲ, ಆ ಪ್ರಮಾಣಪತ್ರಕ್ಕೆ.

ಶರಾವತಿ (ಹ್ಯಾಲಿಫ್ಯಾಕ್ಸ್, ಕೆನಡಾ) ಅವರ ಉತ್ತರ:

ಕಾನೂನಿನ ಮಾತನ್ನು ವಕೀಲರು ಸ್ಪಷ್ಟವಾಗಿ ಹೇಳಿದ್ದಾರೆ. ತಮ್ಮ ತಾಯಿಯವರ ಮಾತಿನ ಬಗ್ಗೆ ಬರೆಯಬೇಕೆನಿಸಿತು, ಏಕೆಂದರೆ ನಾನಿರುವ ಊರಿನಲ್ಲಿ 1912ರಲ್ಲೇ ಈ ಪ್ರಶ್ನೆ ಎದ್ದಿತ್ತು.

ಶವಗಳನ್ನು ಹುಡುಕಲು ಇಲ್ಲಿಂದ ಹೊರಟ ಮೆಕೆ-ಬೆನೆಟ್ ಹಡಗು 306 ಶವಗಳನ್ನು ನೀರಿನಿಂದ ತೆಗೆಯಿತು. ಪ್ರತಿಯೊಂದು ಶವಕ್ಕೆ ಒಂದು ಸಂಖ್ಯೆ ಕೊಟ್ಟು, ಅವರ ಬಳಿ ಸಿಕ್ಕ ವಸ್ತುಗಳನ್ನು ಅದೇ ಸಂಖ್ಯೆಯ ಕ್ಯಾನ್ವಾಸ್ ಚೀಲದಲ್ಲಿ ಕಟ್ಟಿಡುತ್ತಿದ್ದರು. ಹೆಸರು ತಿಳಿಯದ ಎಷ್ಟೋ ಜನ ಮುಂದೆ ಗುರುತು ಸಿಕ್ಕು ಕುಟುಂಬಕ್ಕೆ ಮರಳಿದ್ದು ಆ ಚೀಲಗಳಿಂದಲೇ. ಆದರೆ ಬಟ್ಟೆಬರೆಗಳನ್ನು ಮಾತ್ರ ಸುಟ್ಟುಹಾಕಲಾಯಿತು. ನೆನಪಿನ ವಸ್ತುವೆಂದು ಅವನ್ನು ಕದ್ದೊಯ್ಯುವವರು, ಮಾರುವವರು ಆಗಲೇ ಹುಟ್ಟಿಕೊಳ್ಳುವರೆಂಬ ಅಂಜಿಕೆ ಅಧಿಕಾರಿಗಳಿಗಿತ್ತು. ಹಡಗು ಮುಳುಗಿ ಆಗಿನ್ನೂ ಕೆಲವೇ ವಾರಗಳಾಗಿದ್ದವು ಎಂಬುದನ್ನು ಗಮನಿಸಿ.

ಆ ಬಟ್ಟೆಗಳಿಗೆ ಕಾವಲಿದ್ದ ಕ್ಲಾರೆನ್ಸ್ ನಾರ್ತೋವರ್ ಎಂಬ ಪೊಲೀಸ್ ಸಾರ್ಜೆಂಟ್, ಒಂದು ಜೊತೆ ಪುಟ್ಟ ಕಂದು ಚರ್ಮದ ಶೂಗಳನ್ನು ಬೆಂಕಿಗೆ ಹಾಕಲಾರದೆ ತನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡ. ಕುಟುಂಬದವರು ಅವನ್ನು ಜೋಪಾನ ಮಾಡಿ 2002ರಲ್ಲಿ ಇಲ್ಲಿನ ಅಟ್ಲಾಂಟಿಕ್ ಸಾಗರ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ನಾನು ಅವನ್ನು ಹತ್ತಿರದಿಂದ ನೋಡಿದ್ದೇನೆ. ಅಂಗೈಯಲ್ಲಿ ಎರಡೂ ಹಿಡಿಸುವಷ್ಟು ಚಿಕ್ಕವು. ಸವೆದು ಸುಕ್ಕುಗಟ್ಟಿದ್ದರೂ ಮಗುವಿನ ಪಾದದ ಆಕಾರ ಇನ್ನೂ ಉಳಿದಿದೆ. ಅವು ಫೇರ್‌ವ್ಯೂ ಲಾನ್ ಸ್ಮಶಾನದಲ್ಲಿ ‘ಅಪರಿಚಿತ ಮಗು’ ಎಂದು ದಫನ್ ಮಾಡಿದ್ದ ಕಂದನವು. ಡಿಎನ್‌ಎ ಪರೀಕ್ಷೆಯ ನಂತರ ಮೊದಲು ಅದನ್ನು ಫಿನ್ಲೆಂಡ್‌ನ 13 ತಿಂಗಳ ಮಗುವೆಂದು ಹೆಸರಿಸಲಾಗಿತ್ತು. ಶೂಗಳ ಅಳತೆ ಅಷ್ಟು ಎಳೆಯ ಮಗುವಿಗೆ ಹೊಂದುವುದಿಲ್ಲ ಎಂಬ ಸಂದೇಹ ಎದ್ದು ಮತ್ತೆ ಪರೀಕ್ಷಿಸಿದಾಗ, ಅದು ಇಂಗ್ಲೆಂಡಿನ 19 ತಿಂಗಳ ಸಿಡ್ನಿ ಗುಡ್‌ವಿನ್ ಎಂದು ಖಚಿತವಾಯಿತು. ಅಪ್ಪ, ಅಮ್ಮ, ಐವರು ಅಕ್ಕ-ಅಣ್ಣಂದಿರು ಎಲ್ಲರೂ ಅದೇ ರಾತ್ರಿ ತೀರಿಕೊಂಡಿದ್ದರು.

ಆ ಶೂಗಳು ಹರಾಜಿಗೆ ಬಂದು ಯಾರದೋ ಮನೆಯ ಗಾಜಿನ ಕಪಾಟು ಸೇರಿದ್ದರೆ, ಸಿಡ್ನಿಗೆ ಅವನ ಹೆಸರು ಮರಳುತ್ತಿತ್ತೇ? ವಸ್ತುವನ್ನು ಪೂಜ್ಯಭಾವದಿಂದಲೇ ಕೊಂಡಿಟ್ಟುಕೊಳ್ಳುವವರು ಇದ್ದಾರೆ, ಅವರನ್ನು ನಾನು ನಿಂದಿಸುವುದಿಲ್ಲ. ಆದರೆ ಅದು ಒಬ್ಬರ ಬೀಗದೊಳಗೆ ಹೋದ ಮೇಲೆ, ಯಾರೂ ಅದರ ಮುಂದೆ ನಿಂತು ಅಳತೆಯ ಬಗ್ಗೆ ಸಂದೇಹ ಪಡಲಾರರು. ಕೊಳ್ಳುವ ಮೊದಲು ತಾವು ಇದನ್ನು ಯೋಚಿಸಬೇಕೆಂದು ನನ್ನ ಕೋರಿಕೆ.

ವಸ್ತುರಕ್ಷಕ (ಮೈಸೂರು) ಅವರ ಉತ್ತರ:

ಶರಾವತಿಯವರ ಮಾತು ನನಗೆ ಪೂರ್ತಿ ಒಪ್ಪಿಗೆ. ಆದರೂ, ಆ ತಳದಿಂದ ಏನನ್ನೂ ಎತ್ತಲೇಬಾರದಿತ್ತು ಎಂಬ ವಾದಕ್ಕೆ ಅದು ದಾರಿಯಾಗಬಾರದು. ತಂದೆಯನ್ನು ಆ ರಾತ್ರಿ ಕಳೆದುಕೊಂಡ ಈವಾ ಹಾರ್ಟ್ ಅವರು ಸಾಯುವವರೆಗೂ ಅದು ಸಮಾಧಿ, ಅದನ್ನು ಕೆದಕಬೇಡಿ ಎಂದೇ ಹೇಳಿದರು. ಅವರಿಗೆ ಹಾಗೆ ಹೇಳುವ ಅಧಿಕಾರ ಇತ್ತು, ಅದನ್ನು ಪ್ರಶ್ನಿಸುವ ಯೋಗ್ಯತೆ ನನಗಿಲ್ಲ. ಆದರೆ ಹಳೆಯ ವಸ್ತುಗಳ ಸಂರಕ್ಷಣೆಯನ್ನೇ ವೃತ್ತಿ ಮಾಡಿಕೊಂಡವನಾಗಿ ಒಂದು ಮಾತು ಹೇಳಬೇಕು. ಹಡಗು ಕೆಳಗೆ ಹಾಗೆಯೇ ಉಳಿದಿಲ್ಲ. ಅದರ ಕಬ್ಬಿಣವನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತಿವೆ. ಅಲ್ಲಿನ ತುಕ್ಕಿನಲ್ಲಿ ಸಿಕ್ಕ ಒಂದು ಪ್ರಭೇದಕ್ಕೆ 2010ರಲ್ಲಿ ಹಾಲೋಮೊನಾಸ್ ಟೈಟಾನಿಕೇ ಎಂದು ಹಡಗಿನ ಹೆಸರನ್ನೇ ಇಟ್ಟರು. 2024ರ ಶೋಧಯಾತ್ರೆಯಲ್ಲಿ ನೋಡಿದಾಗ ಮೂತಿಯ ಕಟಕಟೆಯ ಒಂದು ಉದ್ದನೆಯ ಭಾಗ ಮುರಿದು ಬಿದ್ದಿತ್ತು.

2000ರಲ್ಲಿ ಎತ್ತಿದ ಒಂದು ಚರ್ಮದ ಚೀಲವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮ್ಯಾಂಚೆಸ್ಟರಿನ ಅಡಾಲ್ಫ್ ಸಾಲ್‌ಫೆಲ್ಡ್ ಎಂಬ ಸುಗಂಧ ತಯಾರಕ ಅಮೆರಿಕದಲ್ಲಿ ವ್ಯಾಪಾರ ಕುದುರಿಸಲು ಒಯ್ಯುತ್ತಿದ್ದ 60ಕ್ಕೂ ಹೆಚ್ಚು ಪುಟ್ಟ ಅತ್ತರಿನ ಸೀಸೆಗಳು ಅದರಲ್ಲಿದ್ದವು. ಆತ ಬದುಕುಳಿದ, ಸರಕು ತಳ ಸೇರಿತು. ಹದಮಾಡಿದ ಚರ್ಮದ ಟ್ಯಾನಿನ್ ಅಂಶವನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ಜೀರ್ಣಿಸಿಕೊಳ್ಳಲಾರವು, ಹಾಗಾಗಿ ಚರ್ಮದೊಳಗಿದ್ದ ಕಾಗದ, ಬಟ್ಟೆ ಕೂಡ ಎಷ್ಟೋ ಕಡೆ ಉಳಿದಿವೆ. ಚೀಲ ತೆರೆದಾಗ ಹೂವಿನ ಪರಿಮಳ ಇಡೀ ಪ್ರಯೋಗಾಲಯಕ್ಕೆ ಹರಡಿತು. ಆದರೆ ಎತ್ತಿದ ಗಳಿಗೆಯಿಂದಲೇ ಇಂಥ ವಸ್ತುವಿನ ಅವನತಿ ಶುರುವಾಗುತ್ತದೆ. ಒಳಸೇರಿದ ಉಪ್ಪನ್ನು ಶುದ್ಧ ನೀರಿನಲ್ಲಿ ನೆನೆಸಿ ನಿಧಾನವಾಗಿ ತೆಗೆಯದಿದ್ದರೆ, ಅದು ಒಣಗುವಾಗ ಹರಳುಗಟ್ಟಿ ವಸ್ತುವನ್ನು ಒಳಗಿನಿಂದಲೇ ಸೀಳುತ್ತದೆ. ಚರ್ಮಕ್ಕೂ ಮರಕ್ಕೂ ನೀರಿನ ಜಾಗದಲ್ಲಿ ಮೇಣದಂಥ ಪಾಲಿಎಥಿಲೀನ್ ಗ್ಲೈಕಾಲ್ ತುಂಬಬೇಕು, ಆಮೇಲೂ ತೇವಾಂಶ ಏರಿಳಿಯದಂತೆ ಕಾಯಬೇಕು. ಇದು ಮನೆಯ ಬೀರುವಿನಲ್ಲಿ ಆಗುವ ಕೆಲಸವಲ್ಲ. ನ್ಯಾಯಾಲಯ ಸಂಗ್ರಹವನ್ನು ಒಡೆಯಲು ಬಿಡದಿದ್ದದ್ದು ಎಷ್ಟು ದೊಡ್ಡ ಉಪಕಾರವೆಂದು ಈ ಕೆಲಸ ಬಲ್ಲವರಿಗೆ ಗೊತ್ತು.

ನಾಣ್ಯಪ್ರಿಯ (ಬೆಂಗಳೂರು):

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಶರಾವತಿಯವರ ಬರಹವನ್ನು ತಾಯಿಗೆ ಓದಿ ಹೇಳಿದೆ. ಕಲ್ಲಿದ್ದಲಿನ ಆಸೆ ಬಿಟ್ಟಿದ್ದೇನೆ. ಆದರೂ ಆ ಕಾಲದ ಯಾವುದಾದರೂ ಕಾಗದ, ಯಾರ ಮೈಮೇಲಿನದೂ ಅಲ್ಲದ್ದು, ನನ್ನಂಥವರಿಗೆ ಸಿಗಬಹುದೇ? ಅದರ ಸಾಚಾತನವನ್ನು ಹೇಗೆ ತಿಳಿಯುವುದು?

ಕರಾವಳಿ ವಕೀಲ (ಮಂಗಳೂರು):

ಖಂಡಿತ ಸಿಗುತ್ತದೆ, ಮತ್ತು ಅಂಚೆಚೀಟಿ ಬಲ್ಲ ತಮಗೆ ಅದು ಒಗ್ಗುತ್ತದೆ. ದುರಂತದ ನಂತರ 1912ರಲ್ಲಿ ಸ್ಮರಣಾರ್ಥ ಪೋಸ್ಟ್‌ಕಾರ್ಡುಗಳು ಭಾರೀ ಸಂಖ್ಯೆಯಲ್ಲಿ ಅಚ್ಚಾದವು. ಚಿತ್ರಕ್ಕಿಂತ ಮೊದಲು ಹಿಂಬದಿಯ ಅಂಚೆಮುದ್ರೆಯ ತಾರೀಖನ್ನು ನೋಡಿ. ಆಗಲೇ ಅಂಚೆಯಲ್ಲಿ ಹೋದ ಕಾರ್ಡು ತನ್ನ ಸಾಕ್ಷಿಯನ್ನು ತಾನೇ ಹೊತ್ತಿರುತ್ತದೆ. ಇನ್ನು ಚಿತ್ರದ ವಿಷಯ. ಟೈಟಾನಿಕ್ ಎಂದು ಕೆಳಗೆ ಅಚ್ಚಾದ ಎಷ್ಟೋ ಕಾರ್ಡುಗಳಲ್ಲಿ ಇರುವುದು ಅದರ ಸೋದರಿ ಹಡಗಾದ ಒಲಿಂಪಿಕ್‌ನ ಚಿತ್ರ. ಮೇಲಿನ ವಿಹಾರದ ಅಂತಸ್ತನ್ನು ಭೂತಗನ್ನಡಿಯಲ್ಲಿ ನೋಡಿ: ಅದರ ಮುಂಭಾಗದ ಅರ್ಧಕ್ಕೆ ಕಿಟಕಿಗಳ ಮರೆ ಇದ್ದರೆ ಟೈಟಾನಿಕ್, ಉದ್ದಕ್ಕೂ ತೆರೆದಿದ್ದರೆ ಒಲಿಂಪಿಕ್. ವೈಟ್ ಸ್ಟಾರ್ ಕಂಪನಿಯ ಗುರುತಿರುವ ತಟ್ಟೆ, ಚಮಚಗಳನ್ನು ಟೈಟಾನಿಕ್‌ನವೆಂದು ತೋರಿಸಿದರೆ ನಂಬಬೇಡಿ, ಅಂಥವನ್ನು ಆ ಕಂಪನಿಯ ಬೇರೆ ಹಡಗುಗಳಲ್ಲೂ ಬಳಸುತ್ತಿದ್ದರು. ಹಾರ್ಟ್ಲಿಯ ಪಿಟೀಲನ್ನು ಖಚಿತಪಡಿಸಲು, ಅದರ ಮೇಲಿನ ನಿಶ್ಚಿತಾರ್ಥದ ಬೆಳ್ಳಿಯ ಫಲಕ ಇದ್ದೂ, ಮರಿಯಾಳ ದಿನಚರಿಯಲ್ಲಿ ಪಿಟೀಲು ಮರಳಿಸಿದ್ದಕ್ಕೆ ಕೃತಜ್ಞತೆ ಹೇಳುವ 1912ರ ಜುಲೈ 19ರ ಟೆಲಿಗ್ರಾಮಿನ ನಕಲು ಸಿಕ್ಕಿಯೂ, ವರ್ಷಗಟ್ಟಲೆ ಪರಿಶೀಲನೆ ನಡೆಯಿತು. ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆ ಕೇಳಿದಾಗ ಮಾರುವವರು ಮುನಿಸಿಕೊಂಡರೆ, ಆ ವ್ಯವಹಾರವನ್ನು ಅಲ್ಲಿಗೇ ಬಿಟ್ಟುಬಿಡಿ.