ಮಳೆಗಾಲದ ಭಜನೆ: ಕಿಟಕಿ ಮುಚ್ಚಿದ ಮಂದಿರದಲ್ಲಿ ಜ್ವರ ಹರಡದ ಹಾಗೆ ಏನು ಮಾಡಬಹುದು?

ಕಾಪು_ಕಡಲು:
ಭಜನಾ ಮಂದಿರ 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ. ಶನಿವಾರ ಸಂಜೆ 40 ಜನ, ಒಂದೂವರೆ ಗಂಟೆ. ಎರಚಲು ಹೊಡೆಯುತ್ತದೆಂದು ಪಡು ಬದಿಯ ಕಿಟಕಿ ಪೂರ್ತಿ ಬಂದ್. ಸೀಲಿಂಗ್ ಫ್ಯಾನ್ 4 ಉಂಟು. ಎಸಿ ಹಾಕಿಸೋಣ ಎಂದು ಕೆಲವರು, ಅಂಗಳಕ್ಕೆ ಶೀಟ್ ಚಪ್ಪರ ಹಾಕೋಣ ಎಂದು ಕೆಲವರು. ಯಾವುದು ಸರಿ?

ಮುರಕಲ್ಲು:
ಸ್ಪ್ಲಿಟ್ ಎಸಿ ಬೇಡ ಮಾರಾಯ್ರೆ. ಅದು ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ವಾಪಸ್ ಬಿಡುತ್ತದೆ. ಎಸಿ ಬಂದ ಮೇಲೆ ಉಳಿದ ಕಿಟಕಿಗಳೂ ಮುಚ್ಚುತ್ತವೆ. ಸೀಲಿಂಗ್ ಫ್ಯಾನ್ ಇದ್ದದ್ದನ್ನು ಕಲಕುತ್ತದೆ, ಅಷ್ಟೆ.

ಕೆಮ್ಮಿದಾಗ ಸಿಡಿಯುವ ದೊಡ್ಡ ಹನಿ ಒಂದೆರಡು ಮೀಟರಿನೊಳಗೆ ಬೀಳುತ್ತದೆ. 5 ಮೈಕ್ರಾನಿನ (ಒಂದು ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲು) ಕಣಕ್ಕೆ ನಿಂತ ಗಾಳಿಯಲ್ಲೂ ತಲೆಯ ಮಟ್ಟದಿಂದ ನೆಲ ಮುಟ್ಟಲು ಅರ್ಧ ಗಂಟೆ ಬೇಕು. ಸುಮ್ಮನೆ ಉಸಿರಾಡುವುದಕ್ಕಿಂತ ಗಟ್ಟಿಯಾಗಿ ಹಾಡುವಾಗ ಇಂಥ ಕಣ ಎಷ್ಟೋ ಹೆಚ್ಚು. 2020ರ ಮಾರ್ಚ್‌ನಲ್ಲಿ ಅಮೆರಿಕದ ಸ್ಕ್ಯಾಜಿಟ್‌ನಲ್ಲಿ ಎರಡೂವರೆ ಗಂಟೆಯ ಸಮೂಹಗಾಯನ ಅಭ್ಯಾಸಕ್ಕೆ ಬಂದ 61 ಜನರಲ್ಲಿ 53 ಮಂದಿಗೆ ಖಚಿತ ಅಥವಾ ಸಂಭಾವ್ಯ ಕೋವಿಡ್. ಭಜನೆಗೂ ಅದಕ್ಕೂ ತಾಳ ಮಾತ್ರ ಬೇರೆ.

ಗಾಳಿಲೆಕ್ಕ:
ತಲೆಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಎಂದು ಹಿಡಿಯಿರಿ. 40 ಜನಕ್ಕೆ ಗಂಟೆಗೆ 1,440 ಘನ ಮೀಟರ್. ನಿಮ್ಮ ಮಂದಿರದ ಗಾತ್ರ ಸುಮಾರು 170 ಘನ ಮೀಟರ್. ಅಂದರೆ ಗಂಟೆಗೆ ಎಂಟೂವರೆ ಸಲ ಗಾಳಿ ಬದಲಾಗಬೇಕು. ಅದಕ್ಕೆ ಒಳಗಿನ ಗಾಳಿಯನ್ನು ಹೊರಗೆ ನೂಕುವ ಎಕ್ಸಾಸ್ಟ್ ಫ್ಯಾನ್ ಹಾಕಿ. ಅದರ ಡಬ್ಬದ ಮೇಲಿನ ಅಂಕಿ ಯಾವ ಅಡ್ಡಿಯೂ ಇಲ್ಲದೆ ಅಳೆದದ್ದು. ಜಾಳಿ, ಶಟರ್ ಕೂರಿಸಿದರೆ ಇಳಿಯುತ್ತದೆ. ಎರಡು ಫ್ಯಾನ್ ಸೇರಿ ಗಂಟೆಗೆ 2,000 ಘನ ಮೀಟರ್ ಆಗುವಂತೆ ತನ್ನಿ.

ಫ್ಯಾನ್ ಮೂಡು ಗೋಡೆಗೆ ಇರಲಿ. ಪಡು ಗೋಡೆಗೆ ಹಾಕಿದರೆ ಆಟಿಯ (ತುಳುವರ ಮಳೆಗಾಲದ ತಿಂಗಳು) ಗಾಳಿಗೆ ಎದುರು ನೂಕಬೇಕು, ರೆಕ್ಕೆ ತಿರುಗಿದರೂ ಗಾಳಿ ಹೊರಗೆ ಹೋಗದು. ಪಡು ಕಿಟಕಿಗಳ ಮೇಲೆ ಎರಡಡಿ ಶೀಟ್ ಇಳಿಸಿ, ಮೇಲಿನ ಬಾಗಿಲು ಆರಿಂಚು ತೆರೆದಿಡಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆರೆಯುತ್ತಾರೆ. ಆ ಗಾಳಿ ಹಾಗೇ ಹೊರಗೆ ಹೋಗಿ, ಹಾರ್ಮೋನಿಯಂ ಹತ್ತಿರದ್ದು ಅಲ್ಲೇ ಕೊಳೆಯುತ್ತದೆ.

ನಾವು ಉಸಿರಿನಲ್ಲಿ ಬಿಡುವ ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೀಟರ್ ಒಂದು ತನ್ನಿ, ಎನ್‌ಡಿಐಆರ್ (ಅವಕೆಂಪು ಬೆಳಕಿನಿಂದ ಅಳೆಯುವ) ಸೆನ್ಸರ್‌ನದ್ದು. ಅಂಗಳದಲ್ಲಿ 420–450 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು) ತೋರಿಸದಿದ್ದರೆ ನಂಬಬೇಡಿ. ಒಳಗೆ ಕೂತವರ ಮುಖದ ಎತ್ತರದಲ್ಲಿ, ಯಾರ ಬಾಯಿಯ ಎದುರೂ ಅಲ್ಲದ ಕಡೆ ಇಡಿ. 2,000 ಪಿಪಿಎಂ ಅಂದರೆ ಎಳೆದ 25 ಉಸಿರಿನಲ್ಲಿ ಒಂದು ಬೇರೆಯವರು ಬಿಟ್ಟದ್ದು. 1,000 ದಾಟದಿರಲಿ.

ಕಾಪು_ಕಡಲು:
ಚಪ್ಪರದ ವಿಷಯ?

ಮುರಕಲ್ಲು:
ಎದುರುಬದುರಿನ ಎರಡು ಬದಿ ತೆರೆದಿದ್ದರೆ ಮಂದಿರಕ್ಕಿಂತ ಎಷ್ಟೋ ಮೇಲು, ಕಣಗಳು ಗಾಳಿಗೆ ಚದುರಿ ತೆಳುವಾಗುತ್ತವೆ. ಮಳೆ ಜೋರಾಯಿತೆಂದು ಸುತ್ತಲೂ ಟಾರ್ಪಾಲು ಇಳಿಸಿದಿರೋ, ಅದೂ ಒಂದು ಕೋಣೆಯೇ. ಬಯಲಾದರೂ ಒಂದಡಿ ದೂರದಲ್ಲಿ ಮುಖಕ್ಕೆ ಮುಖ ಕೊಟ್ಟು ಹರಟಿದರೆ ಹರಡುತ್ತದೆ. ಪ್ರಸಾದದ ಅವಲಕ್ಕಿ ಹಂಚುವಾಗ ಸಾಲು ಬಿಡಿಯಾಗಿರಲಿ.

ಗಾಳಿಲೆಕ್ಕ:
ಇನ್ನೊಂದು: ಮಂಗಳಾರತಿ ಆದ ಕೂಡಲೇ ಎಕ್ಸಾಸ್ಟ್ ಆಫ್ ಮಾಡಬೇಡಿ. ಗುಡಿಸುವವರು ಒಳಗೆ ಹೋಗುವ ಮೊದಲು ಅರ್ಧ ಗಂಟೆ ಓಡಲಿ.